ಟಿಕೆಟ್ ಉಳಿಸಿ ಕೋಡಿ ನೋಡಿದ್ದು

ಇದನ್ನು ಹೇಳಬೇಕು, ಹೇಳಬೇಕು ಅಂದುಕೊಂಡೇ ಎಷ್ಟೋ ದಿನ ತಳ್ಳಿದ್ದೇನೆ. ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಹುಚ್ಚೆಳ್ಳು ಹುರಿಯುವ ವಾಸನೆ ಬಂತು. ಮಾರಿಕಣಿವೆ ಅಣೆಕಟ್ಟು ಮತ್ತೆ ತುಂಬಿ, ಕೋಡಿಯ ಮೇಲೆ ನೀರು ಹರಿಯುತ್ತಿದೆಯಂತೆ. ಅವರು ನೋಡಲು ಹೊರಟಿದ್ದಾರೆ. ಬುತ್ತಿಗೆ ಚಟ್ನಿಪುಡಿ ತಯಾರಾಗುತ್ತಿದೆ. ಆ ವಾಸನೆಗೆ ಯಾರಿಗಾದರೂ ಹಸಿವಾಗಬೇಕು. ನಾನು ಪೆನ್ನು ಹುಡುಕಿ ಬರೆಯಲು ಕೂತೆ.

ಪ್ರವಾಸದಲ್ಲಿ ದುಡ್ಡು ಉಳಿಸುವುದರಲ್ಲಿ ನಮ್ಮ ಹೊಳಲ್ಕೆರೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ದುರ್ಗದ ಕೋಟೆ ಹತ್ತುವಾಗ ಮನೆಯಿಂದಲೇ ನೀರಿನ ಕ್ಯಾನು. ಜೋಗಿಮಟ್ಟಿಗೆ ಹೋದರೆ ಬೇಯಿಸಿದ ಶೇಂಗಾ. ಹಿರಿಯೂರಿನ ಕಡೆ ಲಾಡ್ಜಿನ ಮಾತೇ ಇಲ್ಲ, ಆದಿವಾಲದಲ್ಲಿ ನೆಂಟರಿದ್ದಾರಲ್ಲ! ಇದರಲ್ಲಿ ತಪ್ಪೇನೂ ಇಲ್ಲವೆಂದು ಈಗಲೂ ಹೇಳುತ್ತೇನೆ. ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ತಿಂದ ರೊಟ್ಟಿಯ ರುಚಿ ಯಾವ ಹೋಟೆಲಿನಲ್ಲಿ ಸಿಗುತ್ತದೆ, ನೀವೇ ಹೇಳಿ. ನನ್ನ ರೋಗ ಬೇರೆ. ವಾಪಸ್ ಬಂದು, ಎಷ್ಟು ಕಡಿಮೆಯಲ್ಲಿ ಮುಗಿಸಿದೆ ಎಂದು ಕಟ್ಟೆಯ ಮೇಲೆ ಕೂತು ಕೊಚ್ಚಿಕೊಳ್ಳದಿದ್ದರೆ ನನಗೆ ಊರು ನೋಡಿದ ಹಾಗೆಯೇ ಆಗುತ್ತಿರಲಿಲ್ಲ.

ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದ ಮೇಲಂತೂ ನನ್ನನ್ನು ಹಿಡಿಯುವವರಿರಲಿಲ್ಲ. ಹಿಂದೊಮ್ಮೆ ಕೋಡಿ ಬಿದ್ದಾಗ ಹಾಗೆಯೇ ಹೊರಟೆವು. ನಾನು, ನನ್ನ ಹೆಂಡತಿ, ನನ್ನ ಅಕ್ಕ; ಮೂವರಿಗೂ ಸೇರಿ ಒಂದೇ ಟಿಕೆಟ್ ಎಂದು ಹಿಂದಿನ ದಿನವೇ ಬೀದಿಗೆಲ್ಲ ಸಾರಿದ್ದೆ.

ಅಕ್ಕನಿಗೆ ಅದು ಬರೀ ಪ್ರವಾಸವಲ್ಲ. ನಮ್ಮಪ್ಪ ಹುಡುಗನಾಗಿದ್ದಾಗ ಒಮ್ಮೆ ಆ ಕೋಡಿ ಹರಿದದ್ದನ್ನು ಕಂಡಿದ್ದ. ಆಮೇಲೆ ಅವನು ಬದುಕಿರುವವರೆಗೂ ಅದು ತುಂಬಲಿಲ್ಲ. "ನಿಂತ ನೆಲ ಅದುರ್ತಿತ್ತು ಕಣ್ರಲೇ" ಎಂದು ರಾತ್ರಿ ಹೇಳುತ್ತಿದ್ದ. ನಾನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ಅಕ್ಕ ಎದ್ದು ಕೂತು "ಆಮೇಲೆ?" ಎನ್ನುತ್ತಿದ್ದಳು. ಒಮ್ಮೆಯಾದರೂ ಅದನ್ನು ಕಣ್ಣಾರೆ ಕಾಣಬೇಕೆಂಬುದು ಮುದುಕಿಯಾದರೂ ಬಿಡದ ಆಸೆ.

ಹೊಸದುರ್ಗದ ಬಸ್ಸು ಊರು ದಾಟುತ್ತಿದ್ದಾಗ ಕಂಡಕ್ಟರ್ ಬಂದ. ಅಕ್ಕ ಎಲೆಯಡಿಕೆ ಚೀಲ ತಡಕಿದಳು. ಆಧಾರ್ ಕಾರ್ಡು ಮನೆಯಲ್ಲೇ ಉಳಿದಿತ್ತು.

"ಕಾರ್ಡ್ ಇಲ್ಲಾಂದ್ರೆ ಟಿಕೆಟ್ ತಗಳ್ರಿ."

"ಹೆಂಗಸರಿಗೆ ಬಿಟ್ಟಿ ಐತಲ್ಲಪ್ಪ?" ಎಂದೆ.

"ಹೆಂಗಸು ಅನ್ನೋದು ನಂಗೂ ಕಾಣ್ತೈತೆ ಯಜಮಾನ್ರೆ. ಈ ರಾಜ್ಯದೋರು ಅನ್ನೋದು ಕಾರ್ಡ್ ಹೇಳ್ಬೇಕು."

ಬಸ್ಸೆಲ್ಲ ನಕ್ಕಿತು. ನನಗೆ ಹಟ ಬಂತು. "ಇಳಿಯಕ್ಕ. ಕಾರ್ಡ್ ತಗಂಡು ಹಿಂದೆ ಬರೋ ಬಸ್ಸಿಗೆ ಬಾ, ಹೊಸದುರ್ಗದಾಗೆ ಕಾಯ್ತೀವಿ."

"ನಾನ್ ಕೊಡ್ತೀನಿ ಸುಮ್ಕಿರ್ರಿ" ಎಂದಳು ಹೆಂಡತಿ. ಅವಳನ್ನು ಗದರಿಸಿದೆ.

"ಇರ್ಲಿ ಬಿಡೇ, ಹಿಂಗ್ ಹೋಗಿ ಹಂಗ್ ಬರ್ತೀನಿ" ಎಂದು ಅಕ್ಕ ಬುತ್ತಿಯ ಗಂಟನ್ನು ಅವಳ ಮಡಿಲಲ್ಲಿಟ್ಟು ಇಳಿದಳು.

ಹೊಸದುರ್ಗದಲ್ಲಿ ಕಾದೆವು. ಹಿಂದಿನ ಬಸ್ಸು ಬಂತು, ಅದರಲ್ಲಿ ಅಕ್ಕ ಇರಲಿಲ್ಲ. ಅಷ್ಟರಲ್ಲಿ ಮಾರಿಕಣಿವೆ ಮೇಲೆ ಹೋಗುವ ಹಿರಿಯೂರಿನ ಬಸ್ಸಿಗೆ ಜನ ಮುಗಿಬಿದ್ದರು. "ಹತ್ತು, ಸೀಟ್ ಸಿಗಲ್ಲ" ಎಂದು ಹೆಂಡತಿಯನ್ನು ಹತ್ತಿಸಿಬಿಟ್ಟೆ.

ಮಾರಿಕಣಿವೆಯಲ್ಲಿ ಮೊದಲು ಸದ್ದು ಕೇಳಿಸಿತು, ನೀರು ಆಮೇಲೆ ಕಂಡಿತು. ಎರಡು ಗುಡ್ಡಗಳ ನಡುವೆ ಸಮುದ್ರದಂತೆ ನಿಂತಿದ್ದ ನೀರು ಕೋಡಿಯ ಅಂಚಿಗೆ ಬಂದು, ಅಲ್ಲಿ ಒಂದು ಗಳಿಗೆ ಗಾಜಿನಂತೆ ಬಾಗಿ, ಬೆಳ್ಳಗೆ ಒಡೆದು ಬೀಳುತ್ತಿತ್ತು. ದಾರಿಯುದ್ದಕ್ಕೂ ಗಲಾಟೆ ಮಾಡಿಕೊಂಡು ಬಂದಿದ್ದ ಜನ ಅಲ್ಲಿ ಬಾಯಿ ಮುಚ್ಚಿ ನಿಂತಿದ್ದರು. ಕುರಿ ಕಾಯುವ ಮುದುಕನೊಬ್ಬ ಕಂಬಳಿ ಹಾಸಿ ಅಡ್ಡಬಿದ್ದ. ನಾನೂ ಚಪ್ಪಲಿ ಬಿಟ್ಟೆ. ಬರಿಗಾಲಿಗೆ ಗೊತ್ತಾಯಿತು, ನೆಲ ಅದುರುತ್ತಿತ್ತು. ಅಪ್ಪ ಒಂದಕ್ಷರವನ್ನೂ ಹೆಚ್ಚು ಹೇಳಿರಲಿಲ್ಲ. ಇಷ್ಟು ದೊಡ್ಡದೊಂದು ನಮ್ಮ ಒಣ ಸೀಮೆಯಲ್ಲೇ ಇದ್ದು, ಇಷ್ಟು ವರ್ಷ ಸುಮ್ಮನೆ ಕಾದಿತ್ತಲ್ಲ ಎಂದು ಕಣ್ಣು ತುಂಬಿ ಬಂತು. ಆಮೇಲೆ ಅಕ್ಕ ಕಟ್ಟಿದ ಬುತ್ತಿ ಬಿಚ್ಚಿದೆವು. ಹೆಂಡತಿ ಮುಟ್ಟಲಿಲ್ಲ. ನಾನು ತಿಂದೆ.

ಸಂಜೆ ಅಕ್ಕ ಜಗಲಿಯಲ್ಲಿ ಕಾಯುತ್ತಿದ್ದಳು. ಬಸ್ಸುಗಳೆಲ್ಲ ತುಂಬಿ, ಯಾವುದೂ ನಿಲ್ಲಲಿಲ್ಲವಂತೆ. ಸಿಟ್ಟೇ ಇರಲಿಲ್ಲ ಅವಳ ಮುಖದಲ್ಲಿ.

"ಹೆಂಗಿತ್ತೋ ನೀರು?"

ಕಂಡದ್ದನ್ನು ಕಂಡ ಹಾಗೆ ಹೇಳಿದ್ದರೆ ಅವಳಿಗೆ ಏನು ತಪ್ಪಿಸಿದೆನೆಂಬುದು ಗೊತ್ತಾಗುತ್ತಿತ್ತು. "ಏನ್ ಮಹಾ ಐತೆ? ನೀರು ಹರೀತೈತೆ, ಅಷ್ಟೇ. ಜನಾನೇ ಜಾಸ್ತಿ. ನೀನ್ ಬರದಿದ್ದೇ ಚಲೋ ಆತು" ಎಂದೆ.

ಅಕ್ಕ ಎಲೆಗೆ ಸುಣ್ಣ ಸವರಿದಳು. "ಹಂಗಾದ್ರೆ ಅಪ್ಪ ನಮ್ಮನ್ನ ಮಲಗ್ಸಾಕೆ ಸುಳ್ಳು ಹೇಳ್ತಿದ್ದ ಅನ್ನು" ಎಂದು ನಕ್ಕಳು.

ನಾನು ಹೂಂ ಎಂದೆ. ಟಿಕೆಟ್ಟಿನದು ಜಿಪುಣತನ, ಅದನ್ನು ನೀವು ಕ್ಷಮಿಸಿದರೂ ಕ್ಷಮಿಸಬಹುದು. ಆ ಹೂಂ ಅನ್ನು ಕ್ಷಮಿಸಲಾರಿರಿ.

ಮುಂದಿನ ಮಳೆಗಾಲದ ಹೊತ್ತಿಗೆ ಅವಳ ಕಣ್ಣು ಹೋಯಿತು. ಪೊರೆಯಲ್ಲ, ನರದ ತೊಂದರೆ, ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದರು ಡಾಕ್ಟರು. ಈಗ ಕಾರು ಮಾಡಿಸಿ ಕರೆದುಕೊಂಡು ಹೋದರೂ ನೀರನ್ನು ತೋರಿಸಲಾರೆ. ಅವಳು ಅದನ್ನು ನನ್ನ ಮಾತಿನಲ್ಲೇ ಕಾಣಬೇಕು. ಅದನ್ನು ಇದ್ದ ಹಾಗೆ ಹೇಳಿದರೆ, ಅವತ್ತು ಯಾಕೆ ಮುಚ್ಚಿಟ್ಟೆ ಎಂಬುದನ್ನೂ ಹೇಳಬೇಕಾಗುತ್ತದೆ. ಇಷ್ಟು ದಿನ ನನ್ನನ್ನು ತಡೆದದ್ದು ಅದೇ.

ಅವಳ ಮನೆ ನಮ್ಮ ಬೀದಿಯಲ್ಲೇ. ಈ ಹೊತ್ತಿಗೆ ಹೊರಗೆ ಎಳೆಬಿಸಿಲಿಗೆ ಕೂತಿರುತ್ತಾಳೆ. ಬರೆಯುವುದನ್ನು ಇಲ್ಲಿಗೆ ಬಿಟ್ಟು, ಅವಳಿಗೇ ಹೇಳಲು ಏಳುತ್ತೇನೆ. ಸಪ್ಪಳ ಕೇಳಿ "ಯಾರೋ ಅದು?" ಎಂದು ಮುಖ ಎತ್ತುತ್ತಾಳೆ. ನನ್ನ ಹೆಸರು ಹೇಳುವ ಮೊದಲು ಅವಳ ಹೆಸರು ಹಿಡಿದು ಕರೆಯಬೇಕು: ಕೆಂಚಕ್ಕಾ.