ಹೊಯ್ಗೆ ಮತ್ತು ಹಲಸು

ಮೊನ್ನೆ ಕುಂಬಳೆಯ ಮರದ ಮಿಲ್ಲಿನ ಮುಂದೆ ಬಸ್ಸಿಗೆ ಕಾಯುತ್ತಿದ್ದಾಗ ಹಲಸಿನ ಮರ ಸೀಳುವ ವಾಸನೆ ಬಂತು. ಆ ವಾಸನೆ ನಿಮಗೆ ಗೊತ್ತಿದ್ದರೆ, ನಾನು ಬಸ್ಸು ತಪ್ಪಿಸಿಕೊಂಡದ್ದಕ್ಕೆ ನಗಲಾರಿರಿ. ನನಗೆ ಶಿರಿಯದ ಲೀಲಕ್ಕನ ನೆನಪಾಗಿತ್ತು.

ಲೀಲಕ್ಕ ನನ್ನ ದೊಡ್ಡಮ್ಮನ ಮಗಳು. ಅವಳ ಗಂಡ ಶೇಖರ ಭಾವ ದುಬಾಯಿಯಿಂದ ಮರಳಿ, ಹೊಳೆದಂಡೆಯ ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಲು ಹೊರಟಿದ್ದರು. ಆಗೆಲ್ಲ ಹೊಳೆಯ ಮರಳು, ನಮ್ಮ ಮಾತಿನಲ್ಲಿ ಹೊಯ್ಗೆ, ತೋಡಿ ತೋಡಿ ದಂಡೆ ಕುಸಿಯುತ್ತಿತ್ತು. ಮಳೆಗಾಲದಲ್ಲಿ ತೆಂಗಿನ ಮರ ನೀರಿಗೆ ಬಿದ್ದ ಸದ್ದಾದರೆ ಅಕ್ಕ ಒಲೆಯ ಮುಂದಿನಿಂದ ಎದ್ದು ಓಡುತ್ತಿದ್ದಳು.

ಭಾವ ತರಲು ಹೇಳಿದ್ದ ಹೊಯ್ಗೆ ಲಾರಿ ಬಂದ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅಕ್ಕ ಗೇಟಿನ ನಡುವೆ ಹೋಗಿ ನಿಂತಳು. ಡ್ರೈವರ್ ಹಾರ್ನ್ ಹೊಡೆದ. ಲಾರಿ ಇನ್ನಷ್ಟು ಮುಂದೆ ಬಂತು. ಅವಳು ಕದಲಲಿಲ್ಲ. ಬೇಲಿಯಾಚೆ ನೆರೆಯವರು ಸೇರಿದರು. ನಾನು ಜಗಲಿಯಿಂದ ಇಳಿಯುವ ಧೈರ್ಯವನ್ನೂ ಮಾಡಲಿಲ್ಲ.

“ಮನೆ ಕಟ್ಟಲಿಕ್ಕೆ ಮನೆಯ ಅಡಿಯನ್ನೇ ಅಗೆದು ತರುವುದಾ?” ಎಂದಳು, ಸ್ವರ ಏರಿಸದೆ.

ಲಾರಿ ಹಿಂದೆ ಹೋಯಿತು. ಭಾವ ಹೆಂಡತಿಯೊಡನೆ ಮಾತು ಬಿಟ್ಟರು.

ತಾರಸಿ ಬೇಡ, ಹಂಚಿನ ಸೂರೇ ಇರಲಿ, ಹಳೆಯ ಮಾಡಿನ ಮರವೇ ಹೊಸ ಮಾಡಿಗೂ ಸಾಕೆಂದು ಅಕ್ಕ ನಂಬಿದ್ದಳು. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಗೆದ್ದಲು ತಿಂದಿತ್ತು. ಭಾವ ಒಂದು ತುಂಡನ್ನು ಕಾಲಲ್ಲಿ ಒತ್ತಿ ಪುಡಿಮಾಡಿ ತೋರಿಸಿದರು. ಅಕ್ಕ ಹಿತ್ತಿಲಿನ ಹಲಸಿನ ಕಡೆ ನೋಡಿದಳು. ಮದುವೆಯಾಗಿ ಬಂದ ವರ್ಷ ಅವಳೇ ನೆಟ್ಟ ಮರ ಅದು.

ಪರಿಸರ ದಿನದಂದು ಮರ ಕಡಿಯಬೇಡಿ ಎಂದು ಭಾಷಣ ಬಿಗಿಯುವ ಮೇಷ್ಟ್ರು ನಾನು. ಹೊಳೆ ಉಳಿಸಲು ಮರ ಕಡಿಯುವುದೇ ಎಂದು ಕೇಳಿಯೇಬಿಟ್ಟೆ.

“ಹಲಸು ಇನ್ನೊಂದು ನೆಟ್ಟರೆ ಉಂಟು ತಮ್ಮಾ. ಹೊಯ್ಗೆ ಎಲ್ಲಿ ನೆಡುವುದು?”

ಮರ ಗಾಳಿಯಿಂದ ಹೀರಿದ ಇಂಗಾಲ ತೊಲೆಯಾದ ಮೇಲೂ ಅದರೊಳಗೇ ಉಳಿಯುತ್ತದೆ, ಸಿಮೆಂಟು ತಯಾರಿಸುವಾಗಲಾದರೆ ಇಂಗಾಲ ಗಾಳಿಗೆ ಸೇರುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದವನೂ ನಾನೇ. ಪಾಠ ಹಿತ್ತಿಲಿಗೆ ಇಳಿದಿರಲಿಲ್ಲ, ಅಷ್ಟೆ.

ಕಡಿಯುವ ದಿನ ಮರ ಒಮ್ಮೆ ನರಳಿ, ಎಣಿಸಿದ ಕಡೆಗೆ ಬಾಗದೆ ದನದ ಕೊಟ್ಟಿಗೆಯತ್ತ ತಿರುಗಿತು. ಒಳಗೆ ಗಬ್ಬದ ದನ. ಮರಕ್ಕೆ ಕಟ್ಟಿದ ಹಗ್ಗ ಹಿಡಿದವರ ಕೈ ಜಾರುತ್ತಿತ್ತು. ಅಕ್ಕ ಓಡಿಹೋಗಿ ಹಗ್ಗಕ್ಕೆ ಜೋತುಬಿದ್ದಳು. ದೂರ ನಿಂತಿದ್ದ ಭಾವ ಹಾರಿ ಬಂದು ಅವಳ ಹಿಂದೆಯೇ ಹಿಡಿದರು.

“ಬಿಡಬೇಡ ಲೀಲಾ,” ಎಂದರು. ಲಾರಿ ಹೋದ ಮೇಲೆ ಅವಳೊಡನೆ ಆಡಿದ ಮೊದಲ ಮಾತು.

ಮರ ಕೊಟ್ಟಿಗೆಯ ಪಕ್ಕಕ್ಕೆ ಉರುಳಿತು. ಅಕ್ಕ ಅಲ್ಲೇ ಕುಳಿತು ಅತ್ತಳು. ಭಾವ ಹಗ್ಗ ಉಜ್ಜಿದ ಅವಳ ಅಂಗೈಯ ಗಾಯಕ್ಕೆ ನೀರು ಹೊಯ್ದರು. ಮಳೆ ಶುರುವಾದೊಡನೆ ಇಬ್ಬರೂ ಸೇರಿ ಹಲಸಿನ ಸಸಿಗಳನ್ನು ನೆಟ್ಟರು.

ಮೊನ್ನೆ ಮನೆಗೆ ಬಂದವನೇ ಕಂಟ್ರಾಕ್ಟರಿಗೆ ಫೋನು ಮಾಡಿದೆ. ನಮ್ಮ ಮನೆಯ ಮೇಲೆ ಕಟ್ಟಿಸಲಿರುವ ಮಹಡಿಗೆ ತಾರಸಿ ಬೇಡ, ಮರ ಮತ್ತು ಹಂಚು ಸಾಕು ಎಂದೆ. ಮನೆಯವರನ್ನು ಕೇಳಿದ್ದೀರಾ ಎಂದ ಅವನು.

ಅಡುಗೆಮನೆಯಲ್ಲಿ ಹೆಂಡತಿ ತೊಳೆಯುತ್ತಿದ್ದ ಪಾತ್ರೆಯ ಸದ್ದು ನಿಂತಿತು. ನಾನು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.