ಹಲಸೂರಿಗೆ ಸಿಂಗಾಪುರದ ದಾರಿ

ಹುಟ್ಟುಕಿವುಡ ಸಂಜೀವಪ್ಪ ಮೂವತ್ತೊಂದು ವರ್ಷ ದುಡಿದದ್ದು ಕೃಷ್ಣರಾಜಪುರದ ಟೆಲಿಫೋನ್ ಕಾರ್ಖಾನೆಯಲ್ಲಿ. ಒಂದು ‘ಹಲೋ’ ಕೇಳದವನ ಕೈಯಿಂದ ಊರಿಗೆಲ್ಲ ‘ಹಲೋ’ ಹೋಯಿತು. ದೇವರಿಗೂ ತಮಾಷೆಯ ಚಟ ಇದೆ ಅನ್ನಬೇಕು. ಮದುವೆಯಾಗಲಿಲ್ಲ. ಹೊರಗಿನವರು ಅವನಿಗೆ ಹೇಳುವುದನ್ನು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದರು. ಮಾತು ಅಂತ ಇದ್ದದ್ದು ಹಲಸೂರಿನ ಅಕ್ಕ ಅಕ್ಕಯಮ್ಮನ ಜೊತೆ. ಅವಳೂ ಕಿವುಡಿ, ಅಕ್ಷರ ಬಾರದವಳು. ಚಿಕ್ಕಂದಿನಲ್ಲಿ ಇಬ್ಬರೂ ಸೇರಿ ಕಟ್ಟಿಕೊಂಡ ಕೈಭಾಷೆ ಅವರದು. ಅಂಗೈ ಎತ್ತಿ ಬೆರಳು ಮಡಚಿದರೆ ‘ಬಾ’. ಎತ್ತಿದ ಅಂಗೈ ಹಾಗೇ ನಿಂತರೆ ‘ಬೇಡ’. ಇದು ಗೊತ್ತಿದ್ದ ಮೂರನೆಯವಳು ಅಕ್ಕನ ಮಗಳು ರಮ್ಯ. ಅವಳಿಗೆ ಕಿವಿ ಕೇಳುತ್ತಿತ್ತು; ಆದರೂ ಮಾವನಿಗೆ ಎಂದೂ ಚೀಟಿ ಬರೆದವಳಲ್ಲ.

ಎರಡು ಸಾವಿರದ ಐದರಲ್ಲಿ ರಮ್ಯ ಎರಡೂ ಮನೆಗೆ ಕಂಪ್ಯೂಟರು, ಕ್ಯಾಮೆರಾ ಹಾಕಿಸಿದಳು. ಹಲಸೂರಿನಲ್ಲಿ ಒಂದು ಕಂಪನಿಯ ಇಂಟರ್ನೆಟ್, ನಿವೃತ್ತನಾಗಿ ಕೃಷ್ಣರಾಜಪುರದಲ್ಲೇ ಇದ್ದ ತಮ್ಮನ ಮನೆಯಲ್ಲಿ ಇನ್ನೊಂದರದು. ಅಮ್ಮನ ಜೊತೆಗಿದ್ದ ಅವಳು ಬೆಳಿಗ್ಗೆ ಎಲ್ಲ ಜೋಡಿಸಿಟ್ಟು ಗರುಡಾಚಾರ್‌ಪಾಳ್ಯದ ಆಫೀಸಿಗೆ ಹೋಗುವಳು. ಹತ್ತು ಗಂಟೆಗೆ ಅಕ್ಕ-ತಮ್ಮ ಪರದೆಯ ಮುಂದೆ ಕೈ ಬೀಸುತ್ತ ಕೂರುವರು. ಚಿತ್ರ ಆಗಾಗ ನಿಂತುಬಿಡುತ್ತಿತ್ತು. ಇಬ್ಬರೂ ಸಹಿಸಿಕೊಂಡರು.

ಮರುವರ್ಷ ಒಂದು ಗುರುವಾರ ಅವನು ‘ಇವತ್ತು ಬರ್ಲಾ?’ ಎಂದು ಕೇಳಿದ. ಅಕ್ಕ ಅಂಗೈ ಎತ್ತಿದಳು. ಅಂಗೈ ಹಾಗೇ ನಿಂತಿತು. ಬೇಡವೇನೋ ಎಂದುಕೊಂಡು ಕಂಪ್ಯೂಟರ್ ಆರಿಸಿ ಬಟ್ಟೆ ಒಗೆಯಲು ಹೋದ. ಮಧ್ಯಾಹ್ನ ಅಕ್ಕನ ಎದೆಬಡಿತ ನಿಂತಿತು. ಸಂಜೆ ರಮ್ಯ ಬಂದು ನೋಡಿದಳು.

ತಿಥಿ ಮುಗಿದ ಮೇಲೆ ರಮ್ಯ ಮಾವನ ಮನೆಗೇ ಇರಲು ಬಂದಳು. ‘ಅಮ್ಮ ಯಾರ್ನೂ ಕರೆಯಕ್ಕಾಗ್ದೆ ಹೋಗ್ಬಿಟ್ಲು ಮಾವ’ ಎಂದು ಕೈಯಲ್ಲೇ ಹೇಳಿ ಅತ್ತಳು. ಅವನು ತಲೆಯಾಡಿಸಿದ. ಅವನಿಗೆ ಅಳು ಬರಲಿಲ್ಲ. ಉಂಡರೆ ರುಚಿ ತಿಳಿಯಲಿಲ್ಲ, ಸಾರಿಗೆ ಉಪ್ಪು ಹಾಕಿದ್ದೂ ಗೊತ್ತಾಗಲಿಲ್ಲ.

ಆ ಚಿತ್ರ ಯಾಕೆ ನಿಲ್ಲುತ್ತಿತ್ತೆಂದು ಅವನು ಕೇಳಿದ್ದು ಇಂಟರ್ನೆಟ್ ಕಂಪನಿಯ ಲೈನ್ ನೋಡುವ ಸುನಿಲನನ್ನು. ಸುನಿಲ ಬರೆದು ತೋರಿಸಿದ: ‘ಸಾರ್, ಎರಡು ಕಂಪನಿಗೂ ಬೆಂಗಳೂರೊಳಗೆ ಲಿಂಕ್ ಇಲ್ಲ. ಇಲ್ಲಿಂದ ಸಿಂಗಾಪುರಕ್ಕೆ ಹೋಗಿ ಹಲಸೂರಿಗೆ ಬರುತ್ತೆ. ಅಷ್ಟು ದೂರದಲ್ಲಿ ಅರ್ಧ ಚಿತ್ರ ದಾರೀಲೇ ಹೋಗ್ಬಿಡುತ್ತೆ.’ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಹಾದಿಗೆ ಸಮುದ್ರ ದಾಟಿಸುತ್ತಿದ್ದರು, ಮಹಾನುಭಾವರು! ಸಂಜೀವಪ್ಪ ಚೀಟಿಯನ್ನು ಮೂರು ಸಲ ಓದಿದ. ಹಾಗಾದರೆ ಅವತ್ತು ಅಕ್ಕ ಬೆರಳು ಮಡಚಿದ್ದಿರಬಹುದು. ಮಡಚಿರಲಿಕ್ಕೂ ಇಲ್ಲ. ಇದನ್ನು ರಮ್ಯಳಿಗೆ ಹೇಳಲು ಅವನ ಕೈ ಏಳಲಿಲ್ಲ.

ಆರು ತಿಂಗಳಾದ ಮೇಲೆ, ಊರೊಳಗೇ ಪರಸ್ಪರ ಜೋಡಿಸಿಕೊಳ್ಳಬೇಕೆಂದು ಇಂಟರ್ನೆಟ್ ಕಂಪನಿಗಳಿಗೆ ಕಾನೂನು ಮಾಡಬೇಕೇ ಎಂದು ಜನರನ್ನು ಕೇಳುವ ಸಭೆಯೊಂದನ್ನು ಸರ್ಕಾರ ಕರೆಯಿತು. ಸಂಜೀವಪ್ಪ ಹೋಗಲೇಬೇಕೆಂದು ಹಟ ಹಿಡಿದ. ಅವನ ಕೈಮಾತನ್ನು ಬಾಯಿಮಾತು ಮಾಡಬಲ್ಲವಳು ಒಬ್ಬಳೇ. ಮಾವ ಲೈನು ಸರಿಯಿಲ್ಲವೆಂದು ದೂರು ಕೊಡುತ್ತಾನೆಂದುಕೊಂಡು ರಮ್ಯ ಅರ್ಧ ದಿನ ರಜೆ ಹಾಕಿ ಬಂದಳು.

‘ನಾವೇ ಮಾತಾಡ್ಕೊಂಡು ಜೋಡಿಸ್ಕೋತೀವಿ, ಇದಕ್ಕೆಲ್ಲ ಕಾನೂನು ಯಾಕೆ ಸಾರ್? ಒಂದೆರಡು ಸೆಕೆಂಡಿನ ವಿಷಯ’ ಎಂದು ಕಂಪನಿಯವನೊಬ್ಬ ಹೇಳಿ ಕೂತ. ಸಂಜೀವಪ್ಪ ಎದ್ದ. ರಮ್ಯ ಮೈಕ್ ಹಿಡಿದು ಅವನ ಕೈಗಳನ್ನು ನೋಡುತ್ತ ಹೇಳತೊಡಗಿದಳು: ‘ನಮ್ಮಕ್ಕ ಅವತ್ತು ಬೆಳಿಗ್ಗೆ ನನ್ ಮುಂದೆ ಕೈ ಎತ್ತಿದ್ಲು. ಚಿತ್ರ ನಿಂತೋಯ್ತು. ಬೇಡ ಅಂದ್ಲು ಅಂದ್ಕೊಂಡು ನಾನು...’

ಅವಳ ದನಿ ನಿಂತಿತು. ಅವನ ಕೈ ನಿಲ್ಲಲಿಲ್ಲ. ‘ಯಾವತ್ತು?’ ಎಂದು ಅವಳು ಬೆರಳಲ್ಲಿ ಕೇಳಿದಳು. ‘ಆ ಗುರುವಾರ’ ಎಂದ.

‘ಹೇಳಿ ಮೇಡಂ, ಏನಂತಿದಾರೆ? ಬರ್ಕೋಬೇಕು’ ಎಂದರು ಅಧಿಕಾರಿ.

‘ಊರೊಳಗಿಂದು ಊರೊಳಗೇ ಹೋಗೋ ಥರ ಕಾನೂನು ಮಾಡಿ ಅಂತಿದಾರೆ ಸಾರ್. ಅಷ್ಟೇ’ ಎಂದು ರಮ್ಯ ಮೈಕ್ ಕೆಳಗಿಟ್ಟಳು.

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಮುಂದೆ ಕೂತಳು. ಮನೆಗೆ ಬಂದು ಅಡುಗೆ ಮಾಡಿದಳು, ಬಡಿಸಿದಳು. ತಟ್ಟೆಯ ಪಕ್ಕದಲ್ಲಿ ಒಂದು ಚೀಟಿ ಇಟ್ಟಳು. ‘ಮಜ್ಜಿಗೆ ಫ್ರಿಜ್ಜಲ್ಲಿದೆ’ ಎಂದು ಬರೆದಿತ್ತು.