ಮುಚ್ಚಳದೊಳಗಿನ ಮೂರು ಗೆರೆ

ಅವರ ಎರಡು ಕಣ್ಣೂ ಚೆನ್ನಾಗಿಯೇ ಇದ್ದವು. ಆದರೂ ಗಡಿಯಾರದ ವ್ಯವಹಾರದವರೆಲ್ಲ ಅವರನ್ನು ಒಕ್ಕಣ್ಣ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿ, ಇನ್ನೊಂದನ್ನು ಮುಚ್ಚಿಕೊಂಡೇ ಅರ್ಧ ಆಯಸ್ಸು ಕಳೆದ ಮನುಷ್ಯ. ರಿಪೇರಿ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಈಗ ಹಳೆಯ ವಸ್ತುಗಳ ಅಂಗಡಿಯೊಂದರ ಪರವಾಗಿ ಮನೆಗಳಿಗೆ ಹೋಗಿ ಗಡಿಯಾರ ಪರೀಕ್ಷಿಸುವುದು ಅವರ ಕೆಲಸ. ಅಂಗಡಿ ತಾನಾಗಿ ಏನನ್ನೂ ಕೊಳ್ಳುತ್ತಿರಲಿಲ್ಲ. ಮನೆಯವರ ಪರವಾಗಿ ಇಟ್ಟುಕೊಂಡು, ಮಾರಾಟವಾದ ಮೇಲೆ ತನ್ನ ಪಾಲು ಹಿಡಿದುಕೊಳ್ಳುತ್ತಿತ್ತು. ಹಾಗಾಗಿ ಮೇಷ್ಟ್ರ ಪಟ್ಟಿಯೇ ಎಲ್ಲಕ್ಕೂ ಆಧಾರ. ಅವರು ಅಸಲಿ ಅಂದರೆ ಅಸಲಿ.

ಆ ಬೆಳಿಗ್ಗೆ ಅವರು ಹೋದದ್ದು ಮೂರನೇ ಮಹಡಿಯ ಒಂದು ಪುಟ್ಟ ಮನೆಗೆ. ಮನೆಯಾಕೆ ನಿವೃತ್ತ ನರ್ಸ್. ತೀರಿಕೊಂಡ ಗಂಡ ರೈಲು ಓಡಿಸುತ್ತಿದ್ದವರು. ಜೇಬುಗಡಿಯಾರ ಕಂಡರೆ ಪ್ರಾಣ. ಊಟದ ಮೇಜಿನ ಮೇಲೆ ಬಿಳಿ ಹೊದಿಕೆ ಹಾಸಿ ಮೂವತ್ತೇಳು ಗಡಿಯಾರ ಸಾಲಾಗಿಟ್ಟಿದ್ದರು. ಮಗಳು ಪೆನ್ನು ಹಿಡಿದು ಪಕ್ಕದಲ್ಲೇ ಕೂತಿದ್ದಳು.

"ಒಂದೊಂದೂ ನಮ್ಮೆದುರಿಗೇ ಬಿಚ್ಚಬೇಕು ನೋಡಿ," ಅಂದಳು ಮಗಳು. "ಆಮೇಲೆ ಅದಿರಲಿಲ್ಲ, ಇದಿರಲಿಲ್ಲ ಅನ್ನೋ ಮಾತು ಬೇಡ."

"ಪುಟ್ಟಿ, ಸುಮ್ನಿರೇ," ಅಂತ ತಾಯಿ ಗದರಿದರು.

"ಬಿಡಿ ಅಮ್ಮ, ಕೇಳ್ಬೇಕಾದ್ದೇ ಕೇಳ್ತಿದಾರೆ," ಅಂದು ಮೇಷ್ಟ್ರು ಕೆಲಸಕ್ಕೆ ಕೂತರು.

ಮೂವತ್ತಾರು ಸಲೀಸಾಗಿ ಮುಗಿದವು. ಕೊನೆಗೆ ಉಳಿದದ್ದು ಚಿನ್ನದ ಮುಚ್ಚಳದ ಗಡಿಯಾರ, ಇಡೀ ಸಂಗ್ರಹದ ಕಣ್ಮಣಿ. ಮೇಷ್ಟ್ರು ಹಿಂಬದಿಯ ಮುಚ್ಚಳ ತೆಗೆದರು, ಮಸೂರ ಹತ್ತಿರ ತಂದರು. ಒಳಗಿದ್ದ ಯಂತ್ರ ಆ ಗಡಿಯಾರದ್ದಲ್ಲ. ಬಜಾರಿನಲ್ಲಿ ರಾಶಿ ಬಿದ್ದಿರುತ್ತಿದ್ದ ಅಗ್ಗದ ಮಾಲು. ಸರಿ, ಇಂಥದ್ದು ಎಷ್ಟೋ ನೋಡಿದ್ದೇನೆ ಎಂದುಕೊಂಡು ಮುಚ್ಚಳವನ್ನು ಬೆಳಕಿಗೆ ತಿರುಗಿಸಿದರು. ಒಳಮೈಯಲ್ಲಿ ಕೂದಲೆಳೆಯಂಥ ಮೂರು ಗೆರೆ, ಪಕ್ಕದಲ್ಲೊಂದು ಚುಕ್ಕೆ.

ಅವರು ಮಸೂರ ಒರೆಸಿ ಮತ್ತೊಮ್ಮೆ ನೋಡಿದರು.

ರಿಪೇರಿ ಮಾಡುವವರೆಲ್ಲ ತಾವು ಬಿಚ್ಚಿದ ಗಡಿಯಾರದೊಳಗೆ ಹೀಗೊಂದು ಗುರುತು ಗೀರುತ್ತಾರೆ, ಮುಂದೆಂದಾದರೂ ವಾಪಸು ಬಂದರೆ ತಿಳಿಯಲಿ ಅಂತ. ಮೂರು ಗೆರೆ, ಒಂದು ಚುಕ್ಕೆ ಅವರದೇ ಗುರುತು. ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದ ಕಾಲ. ಧೂಳು ತೆಗೆದು ಕೊಡಿ ಅಂತ ಯಾರೋ ಈ ಗಡಿಯಾರ ಕೊಟ್ಟು ಹೋಗಿದ್ದರು. ಗಿರಾಕಿಗಳ ಜೊತೆ ಮಾತು ಯಜಮಾನನದು, ಇವರು ಹಿಂದಿನ ಕೋಣೆಯಲ್ಲಿ. "ಒಳಗಿಂದು ತೆಗೆದು ಇದನ್ನ ಕೂರಿಸು, ತುಟಿ ಬಿಚ್ಚಬೇಡ," ಅಂದಿದ್ದ ಯಜಮಾನ. ಇವರು ಕೂರಿಸಿದ್ದರು. ಕೈ ರೂಢಿಯಂತೆ ಗುರುತನ್ನೂ ಗೀರಿತ್ತು.

"ಏನಾಯ್ತು?" ಮಗಳ ಪೆನ್ನು ನಿಂತಿತ್ತು.

"ಯಂತ್ರ... ಬದಲಾಗಿದೆ," ಅಂದರು ಮೇಷ್ಟ್ರು. ಅಷ್ಟು ಸತ್ಯ ಸಾಕು ಅನ್ನಿಸಿತು. ಬರೆದು, ಸಹಿ ಹಾಕಿ, ಮೆಟ್ಟಿಲಿಳಿದುಬಿಟ್ಟರೆ ಮುಗಿಯಿತು. ಆ ಗೆರೆಗಳ ಅರ್ಥ ಈ ಭೂಮಿಯ ಮೇಲೆ ಇನ್ನೊಬ್ಬರಿಗೆ ಗೊತ್ತಿಲ್ಲ.

ಮಗಳ ಮುಖ ಕೆಂಪಾಯಿತು. "ನಂಗೊತ್ತಿತ್ತು! ಅಪ್ಪ ಆಸ್ಪತ್ರೇಲಿದ್ದಾಗ ಆರು ತಿಂಗಳು ಇದು ಯಾರ ಹತ್ರ ಇತ್ತಮ್ಮ? ಚಿಕ್ಕಪ್ಪನ ಹತ್ರ ತಾನೇ?"

"ಅವನು ಅಂಥವನಲ್ಲ ಕಣೇ..." ತಾಯಿಯ ದನಿಯಲ್ಲೂ ಬಲವಿರಲಿಲ್ಲ.

"ಕೇಳೇಬಿಡ್ತೀನಿ." ಅವಳು ಫೋನ್ ತೆಗೆದು, ತಾಯಿಗೂ ಕೇಳಲಿ ಅಂತ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ರಿಂಗ್ ಆಗತೊಡಗಿತು. ಒಂದು, ಎರಡು. ಮೇಷ್ಟ್ರು ಫೋನನ್ನೇ ನೋಡುತ್ತಿದ್ದರು. ಆ ಚಿಕ್ಕಪ್ಪ ಯಾರೋ, ಎಲ್ಲಿದ್ದಾನೋ, ಈಗ ಎತ್ತುತ್ತಾನೆ, ಕಳ್ಳ ಅನ್ನಿಸಿಕೊಳ್ಳುತ್ತಾನೆ. ಮೂರನೇ ರಿಂಗ್.

"ಅವರಲ್ಲಮ್ಮ," ಅಂದರು ಮೇಷ್ಟ್ರು. "ನಾನು. ಬದಲಾಯಿಸಿದ್ದು ನಾನೇ."

ಅಷ್ಟರಲ್ಲಿ ಫೋನಿನಿಂದ ನಗುದನಿ ಬಂತು. "ಏನೇ ಪುಟ್ಟಿ, ಇವತ್ತು ಚಿಕ್ಕಪ್ಪನ ನೆನಪಾಯ್ತಾ?"

ಮಗಳು ಬಾಯಿ ತೆರೆದಳು, ಮುಚ್ಚಿದಳು. "ಏನಿಲ್ಲ ಚಿಕ್ಕಪ್ಪ... ತಿಂಡಿ ಆಯ್ತಾ ಅಂತ ಕೇಳೋಣ ಅನ್ಕೊಂಡೆ. ಆಮೇಲೆ ಮಾಡ್ತೀನಿ."

ಮೇಷ್ಟ್ರು ಎಲ್ಲವನ್ನೂ ಹೇಳಿದರು. ಮುಚ್ಚಳ ತೋರಿಸಿದರು, ಮಸೂರ ಕೊಟ್ಟರು. ಮಗಳು ನೋಡಿ, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ಹಾಗಾದ್ರೆ ಈ ಮೂವತ್ತಾರನ್ನ ಹೇಗೆ ನಂಬೋದು?"

"ನಂಬಬೇಡಿ. ಬೇರೆಯವರಿಂದ ನೋಡಿಸಿ."

ನರ್ಸಮ್ಮ ಗಡಿಯಾರವನ್ನು ತಮ್ಮತ್ತ ಎಳೆದುಕೊಂಡು ಕೇಳಿದರು: "ನಿಜವಾದ ಯಂತ್ರ?"

"ಯಜಮಾನ ಮಾರಿಕೊಂಡ. ಅವನೂ ಈಗಿಲ್ಲ."

"ನಿಮಗೇನು ಸಿಕ್ತು?"

ಈ ಪ್ರಶ್ನೆಯನ್ನು ಅವರು ತಮಗೆ ತಾವೇ ಎಂದೂ ಕೇಳಿಕೊಂಡಿರಲಿಲ್ಲ. "ಮಾರನೇ ದಿನ ಕೆಲಸ ಖಾಯಂ ಮಾಡಿದ," ಅಂದರು. ಅಂದ ಮೇಲೆ ತಲೆ ಎತ್ತಲಾಗಲಿಲ್ಲ. ಮನೆ, ಮದುವೆ, ಈ ಮರ್ಯಾದೆ, ಎಲ್ಲವೂ ಆ ಮಾರನೇ ದಿನದಿಂದಲೇ ಶುರುವಾದದ್ದು.

"ಹಾಗಂತಲೇ ಪಟ್ಟೀಲಿ ಬರೀರಿ," ಅಂದರು ನರ್ಸಮ್ಮ. "ಯಾರು ಬದಲಾಯಿಸಿದ್ದು, ಯಾರು ಹೇಳಿ ಮಾಡಿಸಿದ್ದು, ಎಲ್ಲ. ನನ್ನ ಮೈದುನನ ಮೇಲೆ ಇನ್ನೊಂದು ದಿನ ಯಾರಿಗೂ ಅನುಮಾನ ಬರಬಾರದು."

ಮೇಷ್ಟ್ರು ಬರೆದರು. ಕೆಳಗೆ ಸಹಿ ಹಾಕಿದರು.

ಅಂಗಡಿಯ ಯಜಮಾನಿ ಆ ಹಾಳೆಯನ್ನು ಎರಡು ಸಲ ಓದಿದಳು. "ಇದನ್ನ ಗಿರಾಕಿಗಳು ಓದಿದ್ರೆ ನಿಮ್ಮ ಗತಿ ಏನು ಮೇಷ್ಟ್ರೇ?" ಅಂದಳು. ಮರುದಿನವೇ ಬೇರೊಬ್ಬ ಪರೀಕ್ಷಕನನ್ನು ಆ ಮನೆಗೆ ಕಳಿಸಿದಳು. ಅವನು ಎರಡು ದಿನ ಕೂತು ಮೂವತ್ತಾರನ್ನೂ ಬಿಚ್ಚಿ ನೋಡಿದ. ಮೇಷ್ಟ್ರ ಪಟ್ಟಿಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅವೆಲ್ಲ ಅಂಗಡಿಯ ಕಪಾಟಿಗೆ ಬಂದವು. ಮೂವತ್ತೇಳನೆಯದನ್ನು ನರ್ಸಮ್ಮ ಮಾರಲಿಲ್ಲ. ಮೈದುನನನ್ನು ಕರೆಸಿ, ಕಾರಣ ಹೇಳದೆ, ಅವನ ಕೈಯಲ್ಲಿಟ್ಟರಂತೆ.

ಯಜಮಾನಿ ಮೇಷ್ಟ್ರನ್ನು ಬಿಡಿಸಲಿಲ್ಲ. ಆದರೆ ಅಂದಿನಿಂದ ಅವರ ಪಟ್ಟಿಗೆ ಇನ್ನೊಬ್ಬರ ಸಹಿಯೂ ಬೀಳಬೇಕು ಅಂದಳು. ಅವರು ಹೂಂ ಅಂದರು. ಈಗಲೂ ಮನೆಗಳಿಗೆ ಹೋಗುತ್ತಾರೆ, ಜೊತೆಗೆ ಆ ಇನ್ನೊಬ್ಬ. ಅವನು ಇವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಇವರ ಕೆಲಸವನ್ನು ಮತ್ತೆ ಮೊದಲಿಂದ ತಪಾಸಣೆ ಮಾಡುತ್ತಾನೆ. ಮೇಷ್ಟ್ರು ಕೈಕಟ್ಟಿ ಕೂತು, ಅವನು ಮುಗಿಸುವವರೆಗೆ ಕಾಯುತ್ತಾರೆ.